ಸೋದರಮಾವನ ಮನೆ ಬಿಟ್ಟು ಬೇರೆ ರೂಮು ಮಾಡಿದರೆ ಉಂಡ ಮನೆಗೆ ದ್ರೋಹವೇ?

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಸೋದರಮಾವನ ಮನೇಲಿ ಎರಡು ವರ್ಷ ಉಂಡು, ಈಗ ಬೇರೆ ರೂಮು ಮಾಡಿದರೆ ದ್ರೋಹವೇ ಅಂತ ಕೇಳಿದ್ದೀರಿ. ಆ ಮನೆ ಬಿಡೋಕೆ ನಿಮಗೆ ಅಳುಕು ಬಂದಿರೋದು ಬಹುಶಃ ಅವರಿಗೆ ಹೇಳದೆ ರೂಮು ಹುಡುಕ್ತಿರೋದರಿಂದ. ಬೇರೆ ಇರೋದರಲ್ಲಿ ದ್ರೋಹ ಇಲ್ಲ. ರೂಮಿಗೆ ಟೋಕನ್ ಮುಂಗಡ ಕೊಡೋ ಮುಂಚೆ ಮಾವ, ಅತ್ತೆ ಇಬ್ಬರಿಗೂ ಕೂತು ಹೇಳಿ. ಬ್ರೋಕರ್ ಬಾಯಿಂದ ಅವರಿಗೆ ಗೊತ್ತಾಗಬಾರದು. ಡಿಪಾಸಿಟ್, ಬ್ರೋಕರೇಜ್, ಮೊದಲ ತಿಂಗಳ ಬಾಡಿಗೆ ಮೂರೂ ನಿಮ್ಮ ದುಡ್ಡೇ ಆಗಿರಲಿ. ಕಮ್ಮಿ ಬಿದ್ದರೆ ಮಾವನ ಹತ್ತಿರ ಕೇಳಬೇಡಿ, ಎರಡು ತಿಂಗಳು ಕಾಯಿರಿ. ಲೀವ್ ಅಂಡ್ ಲೈಸೆನ್ಸ್ ಕರಾರು (ಅಲ್ಲಿ ಮನೆ ಬಾಡಿಗೆಗೆ ಮಾಡಿಕೊಳ್ಳೋ ಒಪ್ಪಂದ) 11 ತಿಂಗಳದ್ದಾದರೂ ಮಹಾರಾಷ್ಟ್ರದಲ್ಲಿ ನೋಂದಣಿ ಕಡ್ಡಾಯ, ಬರೀ ನೋಟರಿಗೆ ಒಪ್ಪಬೇಡಿ.

ಎರಡು ವರ್ಷದ ಊಟದ ಲೆಕ್ಕ ಹಾಕಿ ದುಡ್ಡಿನ ಕವರ್ ಕೊಡೋ ಯೋಚನೆ ಬಿಡಿ, ಅದು ಅವರಿಗೆ ಅವಮಾನ. ಅತ್ತೆಯ ಶುಗರ್ ಮಾತ್ರೆ ತರೋದು ನೀವೇ ಅಂದಿರಲ್ಲ, ಆ ಕೆಲಸ ಮಾತ್ರ ನಿಲ್ಲಿಸಬೇಡಿ. ಮಾವ ಎಷ್ಟು ದಿನ ಮುನಿಸಿಕೊಳ್ತಾರೋ ಹೇಳೋಕಾಗಲ್ಲ; ಮಾತು ಬಿಟ್ಟರೂ ಭಾನುವಾರ ಹೋಗಿ ಬನ್ನಿ.