ಕಂಪನಿಗೆ ಲಾಗ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ಸಾಕಾ, ಎಸ್‌ಐಇಎಂ (ಲಾಗ್ ನೋಡಿ ದಾಳಿಯ ಸುಳಿವು ಹಿಡಿಯುವ ಸಾಫ್ಟ್‌ವೇರ್) ಬೇಕಾ?

ಎರಡಕ್ಕೂ ಬೇಕಾಗುವುದು ಲಾಗ್‌ಗಳೇ, ಅಂದರೆ ಯಾವಾಗ ಏನಾಯಿತು ಎಂದು ಕಂಪ್ಯೂಟರ್‌ಗಳು ಬರೆದಿಡುವ ದಾಖಲೆಗಳೇ. ಆದರೆ ಕೆಲಸ ಬೇರೆ. ಲಾಗ್ ಮ್ಯಾನೇಜ್‌ಮೆಂಟ್ ಅಂದರೆ ಸರ್ವರ್, ಫೈರ್‌ವಾಲ್, ಆ್ಯಪ್‌ಗಳ ದಾಖಲೆಯನ್ನು ಒಂದೇ ಕಡೆ ಕೂಡಿಟ್ಟು, ಬೇಕಾದಾಗ ಹುಡುಕುವುದು. ಗ್ರೇಲಾಗ್ ಎಂಬ ಸಾಫ್ಟ್‌ವೇರ್ ಇದಕ್ಕೆ ಚೆನ್ನಾಗಿದೆ.

ಎಸ್‌ಐಇಎಂ ಆ ದಾಖಲೆಗಳ ನಡುವಿನ ನಂಟು ಹುಡುಕುತ್ತದೆ. ರಾತ್ರಿ 2 ಗಂಟೆಗೆ ಒಂದೇ ಖಾತೆಗೆ 50 ಸಲ ತಪ್ಪು ಪಾಸ್‌ವರ್ಡ್. ಆಮೇಲೆ ಒಂದು ಸಲ ಸರಿಯಾದ ಲಾಗಿನ್. ಹಿಂದೆಯೇ ಹೊಸ ಅಡ್ಮಿನ್ ಖಾತೆ. ಬಿಡಿಬಿಡಿಯಾಗಿ ನೋಡಿದರೆ ಏನೂ ಅನ್ನಿಸುವುದಿಲ್ಲ, ಒಟ್ಟಿಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ, ಅಲ್ವಾ?

ಎಸ್‌ಐಇಎಂಗೆ ಬಳಸುವ ಸಾಫ್ಟ್‌ವೇರ್‌ಗಳಲ್ಲಿ ಸ್ಪ್ಲಂಕ್‌ನ ಹುಡುಕಾಟ ತುಂಬಾ ಗಟ್ಟಿ. ಆದರೆ ದಿನಕ್ಕೆ ಬರುವ ಲಾಗ್ ಜಾಸ್ತಿಯಾದಂತೆ ಬಿಲ್ಲೂ ಏರಬಹುದು. ಮೈಕ್ರೋಸಾಫ್ಟ್ ಸೆಂಟಿನೆಲ್‌ನಲ್ಲೂ ಬಿಲ್ಲು ಲಾಗ್‌ನ ಜಿಬಿ ಲೆಕ್ಕದಲ್ಲೇ. ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್ ಬಳಸುವವರಿಗೆ ಜೋಡಿಸುವುದು ಸುಲಭ. ವಾಜು ಓಪನ್ ಸೋರ್ಸ್, ಲೈಸೆನ್ಸ್ ಖರ್ಚಿಲ್ಲ. ಆದರೆ ಯಾವುದಕ್ಕೆ ಅಲರ್ಟ್ ಕೊಡಬೇಕೆಂಬ ರೂಲ್‌ಗಳನ್ನು ತಿದ್ದುತ್ತಾ ಕೂರಲು ಜನ ಬೇಕು.

ನನ್ನನ್ನು ಕೇಳಿದರೆ, ಅಲರ್ಟ್ ನೋಡಲು ಒಬ್ಬರೂ ಇಲ್ಲದ ಕಂಪನಿ ಎಸ್‌ಐಇಎಂ ಕೊಳ್ಳುವುದು ಸುಮ್ನೆ ದುಡ್ಡು ದಂಡ. ಮೊದಲು ಲಾಗ್ ಕೂಡಿಡಿ. ಕಾರ್ಡ್ ಪಾವತಿ ನಡೆಸುವವರಾದರೆ ಪಿಸಿಐ ಡಿಎಸ್‌ಎಸ್ (ಕಾರ್ಡ್ ಮಾಹಿತಿ ಸುರಕ್ಷತೆಯ ನಿಯಮಾವಳಿ) ಪ್ರಕಾರ 12 ತಿಂಗಳ ಲಾಗ್ ಇಟ್ಟಿರಲೇಬೇಕು, ಅದರಲ್ಲಿ ಇತ್ತೀಚಿನ 3 ತಿಂಗಳದು ಕೇಳಿದ ತಕ್ಷಣ ಸಿಗಬೇಕು.