ಕಾಲಿಗೆ ರಕ್ತ ಸಾಲದವರಿಗೆ ಅರಿವಳಿಕೆ

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 71 ವರ್ಷ. ಅಡಿಕೆ ತೋಟದ ಕೆಲಸ ಮಾಡಿಕೊಂಡು ಬಂದವರು. ಸಕ್ಕರೆ ಕಾಯಿಲೆಯಿದೆ, ಬೀಡಿಯ ಅಭ್ಯಾಸವೂ ಇದೆ. ರಕ್ತನಾಳ ಕಟ್ಟಿಕೊಂಡು ಬಲಗಾಲಿನ ಹೆಬ್ಬೆರಳು ಕಪ್ಪಾಗಿದ್ದು, ಅದನ್ನು ತೆಗೆಯಬೇಕಾಗಿದೆ. ಪೂರ್ತಿ ಮಂಪರು ಕೊಡದೆ ಪಾದವನ್ನಷ್ಟೇ ಮರಗಟ್ಟಿಸುತ್ತಾರಂತೆ. ಇಂಥ ಕಾಲಿಗೆ ಇಂಜೆಕ್ಷನ್ ಕೊಟ್ಟರೆ ಇದ್ದ ರಕ್ತವೂ ನಿಂತುಹೋಗುವುದಿಲ್ಲವೇ?
– ಓದುಗರು, ಶಿರಸಿ

ಉತ್ತರ: ನಿಲ್ಲುವುದಿಲ್ಲ. ಮೊಣಕಾಲಿನ ಹಿಂದೆ ಅಥವಾ ಕಣಕಾಲಿನ ಸುತ್ತ ನರಗಳ ಬಳಿ ಮದ್ದು ಹಾಕಿದಾಗ, ನೋವಿನ ನರಗಳ ಜೊತೆಗೆ ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳೂ ಮಂಕಾಗುವುದರಿಂದ, ಪಾದ ಸಾಮಾನ್ಯವಾಗಿ ಸ್ವಲ್ಪ ಬೆಚ್ಚಗೇ ಆಗುತ್ತದೆ. ಕಟ್ಟಿಕೊಂಡ ದೊಡ್ಡ ನಾಳ ಮಾತ್ರ ಇದರಿಂದ ತೆರೆಯುವುದಿಲ್ಲ.

ಈ ಆಯ್ಕೆಗೆ ಮುಖ್ಯ ಕಾರಣ ಹೃದಯ. ಕಾಲಿನ ನಾಳ ಕಟ್ಟಿದವರಲ್ಲಿ ಹೃದಯದ ನಾಳಗಳೂ ಕಿರಿದಾಗಿರುವುದು ಸಾಮಾನ್ಯ, ಮತ್ತು ಸಕ್ಕರೆ ಕಾಯಿಲೆಯವರಲ್ಲಿ ಎದೆನೋವಿನ ಸೂಚನೆಯೂ ಕಾಣದಿರಬಹುದು. ಪೂರ್ತಿ ಮಂಪರಿನಲ್ಲಿಯೂ ಸೊಂಟದ ಕೆಳಗೆ ಮರಗಟ್ಟಿಸುವ ಬೆನ್ನಿನ ಇಂಜೆಕ್ಷನ್ನಿನಲ್ಲಿಯೂ ರಕ್ತದೊತ್ತಡ ಥಟ್ಟನೆ ಇಳಿಯಬಹುದು. ಕಿರಿದಾದ ನಾಳವನ್ನು ದಾಟಿ ರಕ್ತ ಮುಂದೆ ಹೋಗುವುದು ಆ ಒತ್ತಡದ ಬಲದಿಂದಲೇ ಆದ್ದರಿಂದ, ಆಗ ಹೃದಯಕ್ಕೂ ಪಾದಕ್ಕೂ ಒಟ್ಟಿಗೇ ಕೊರತೆಯಾಗುತ್ತದೆ. ಪಾದವನ್ನಷ್ಟೇ ಮರಗಟ್ಟಿಸಿದರೆ ಈ ಅಪಾಯ ಬಹಳ ಕಡಿಮೆ.

ಅಪ್ಪಯ್ಯ ನುಂಗುವ ಪ್ರತಿಯೊಂದು ಮಾತ್ರೆಯ ಚೀಟಿಯನ್ನೂ ಅರಿವಳಿಕೆ ತಜ್ಞರಿಗೆ ತೋರಿಸಿ. ಬೆನ್ನಿನ ಇಂಜೆಕ್ಷನ್ ಕೊಡುವುದಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಕ್ಲೋಪಿಡೋಗ್ರೆಲ್ ಮಾತ್ರೆಯನ್ನು 5ರಿಂದ 7 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅದನ್ನು ತಾವಾಗಿ ಬಿಟ್ಟರೆ ಪ್ರಾಣಕ್ಕೇ ಕುತ್ತು. ಬೀಡಿಯನ್ನಂತೂ ಇಂದೇ ಬಿಡಿಸಿ ಎಂದು ಕೈಮುಗಿದು ಕೇಳುತ್ತೇನೆ, ಏಕೆಂದರೆ ಒಂದೇ ದಿನ ಬಿಟ್ಟರೂ ಹೊಗೆಯಿಂದ ರಕ್ತಕ್ಕೆ ಸೇರಿದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇಳಿದು, ಅಂಗಾಂಗಗಳಿಗೆ ಹೆಚ್ಚು ಆಮ್ಲಜನಕ ಸಿಗುತ್ತದೆ. ಬೆರಳು ತಣ್ಣಗಿರುವವರಲ್ಲಿ ಆಮ್ಲಜನಕ ಅಳೆಯುವ ಕ್ಲಿಪ್ ಸರಿಯಾಗಿ ಓದದೆ ಹೋಗಬಹುದು. ಆಗ ಅದನ್ನು ಕಿವಿಯ ಹಾಲೆಗೆ ಹಾಕುವುದುಂಟು, ಗಾಬರಿಯಾಗಬೇಡಿ.

ಮನೆಯವರ ಎಚ್ಚರ ಹೆಚ್ಚು ಬೇಕಾಗುವುದು ಆಪರೇಷನ್ ಆದ ಮೇಲೆ. ಮದ್ದಿನ ಪ್ರಭಾವ ಕೆಲವೊಮ್ಮೆ ಮರುದಿನದವರೆಗೂ ಉಳಿಯುವುದರಿಂದ, ಅಲ್ಲಿಯವರೆಗೆ ಆ ಕಾಲನ್ನು ಊರಿ ನಡೆಯಲು ಬಿಡಬೇಡಿ. ಘಟ್ಟದ ಮೇಲಿನ ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಕಾಲು ಕಾಸಿಕೊಳ್ಳುವುದು ನಮ್ಮಲ್ಲಿ ರೂಢಿ. ಬೆಂಕಿಯೂ ಬಿಸಿನೀರಿನ ಚೀಲವೂ ಈ ಪಾದಕ್ಕೆ ಕೂಡದು. ಸುಡುವುದು ಅವರಿಗೆ ತಿಳಿಯುವುದಿಲ್ಲ, ಸುಟ್ಟ ಗಾಯ ಮಾಯುವಷ್ಟು ರಕ್ತವೂ ಅಲ್ಲಿಗೆ ಬರುವುದಿಲ್ಲ. ಒಣ ಕಂಬಳಿ ಹೊದೆಸಿದರೆ ಸಾಕು.