ಕಾಗದದ ಗಿರಗಿಟ್ಲೆ ಯಾಕೆ ತಿರುಗುತ್ತಿಲ್ಲ?

ಆರು ವರ್ಷದ ಮಗಳ ಜೊತೆ ಕೂತು ಮೂರು ಗಿರಗಿಟ್ಲೆ ಮಾಡಿದೆ, ಊದಿದರೆ ಅರ್ಧ ಸುತ್ತು ಬಂದು ನಿಲ್ಲುತ್ತವೆ, ಗಾಳಿಗೆ ಹಿಡಿದರೆ ಅದೂ ಇಲ್ಲ, ಕಾಗದ ಬದಲಿಸಬೇಕೇ ಅಂತ ಕೇಳಿದ್ದೀರಿ. ಕಾಗದದ ತಪ್ಪಿರಲಾರದು. ಗುಂಡುಸೂಜಿಯನ್ನು ಕಡ್ಡಿಗೆ ಒತ್ತಿ ಬಿಗಿಯಾಗಿ ಕೂರಿಸಿದ್ದೀರಿ ಅಂತ ನನ್ನ ಅಂದಾಜು.

ನಾನು ಚಿತ್ರದುರ್ಗದ ಕಡೆ ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಪಾಠ ಹೇಳುವವಳು. ಆಷಾಢದ ಗಾಳಿ ಎದ್ದಾಗ ಪ್ರತಿ ವರ್ಷ ಅವರ ಕೈಯಲ್ಲೇ ಗಿರಗಿಟ್ಲೆ ಮಾಡಿಸುತ್ತೇನೆ. ತಿರುಗದೆ ನಿಂತದ್ದನ್ನು ಬಿಚ್ಚಿ ನೋಡಿದಾಗೆಲ್ಲ ಹೆಚ್ಚಾಗಿ ಸಿಕ್ಕಿದ್ದು ಇದೇ. ಎದುರಿನ ಗಾಳಿ ರೆಕ್ಕೆಯನ್ನು ತಿರುಗಿಸುವುದರ ಜೊತೆಗೆ ಇಡೀ ಚಕ್ರವನ್ನು ಕಡ್ಡಿಯ ಕಡೆಗೆ ತಳ್ಳುತ್ತದೆ. ಕಾಗದ ಕಡ್ಡಿಗೆ ಉಜ್ಜಿತೋ, ಅಲ್ಲಿಗೆ ನಿಂತಿತು. ಗಾಳಿ ಜೋರಾದಷ್ಟೂ ಇನ್ನಷ್ಟು ಅಂಟಿಕೊಳ್ಳುತ್ತದೆ. ಅದಕ್ಕೇ ಕಾಗದಕ್ಕೂ ಕಡ್ಡಿಗೂ ನಡುವೆ ಒಂದು ಮಣಿ ಬೇಕು. ಹರಿದ ಸರದ ಮಣಿಯಾದರೂ ಸರಿ, ಅರ್ಧ ಸೆಂಟಿಮೀಟರಿನಷ್ಟು ಕತ್ತರಿಸಿದ ಸ್ಟ್ರಾ ಆದರೂ ಸರಿ. ಕಾಗದದ ನಡುವಿನ ತೂತನ್ನು ಗುಂಡುಸೂಜಿಯಿಂದಲೇ ಚುಚ್ಚಬೇಡಿ. ಕೈವಾರದ ಮೊನೆಯಿಂದ ಚುಚ್ಚಿ, ಒಂದು ಸುತ್ತು ಆಡಿಸಿ ಅಗಲ ಮಾಡಿ. ಸೂಜಿಯ ಮೇಲೆ ಕಾಗದ ಹಿಂದೆ ಮುಂದೆ ಸಡಿಲವಾಗಿ ಜಾರಬೇಕು.

ಈಗ ಮೊದಲಿನಿಂದ ಹೇಳುತ್ತೇನೆ. ನೋಟ್‌ಬುಕ್ಕಿನ ಹಾಳೆ ಸಾಕು. ಸುದ್ದಿಪತ್ರಿಕೆ ಗಾಳಿಗೆ ಜೋತುಬೀಳುತ್ತದೆ, ರಟ್ಟು ಬಾಗುವುದಿಲ್ಲ. 15 ಸೆಂಟಿಮೀಟರಿನ ಚೌಕ ಮಾಡಿ ಮೂಲೆಯಿಂದ ಮೂಲೆಗೆ ಎರಡು ಸಲ ಮಡಚಿ ಬಿಡಿಸಿದರೆ ಅಡ್ಡಡ್ಡ ಎರಡು ಗೆರೆ ಬೀಳುತ್ತವೆ. ಮೂಲೆಯಿಂದ ನಡುವಿಗೆ ಸುಮಾರು ಹತ್ತೂವರೆ ಸೆಂಟಿಮೀಟರ್ ಇರುತ್ತದೆ. ಅದರಲ್ಲಿ ಏಳು ಮಾತ್ರ ಕತ್ತರಿಸಿ. ಪೂರ್ತಿ ಕತ್ತರಿಸುವ ಆಸೆ ಮಕ್ಕಳಿಗೆ ಸಹಜ, ಆದ್ದರಿಂದ ನಿಲ್ಲಬೇಕಾದ ಜಾಗದಲ್ಲಿ ಕೆಂಪು ಪೆನ್ನಿನಿಂದ ಅಡ್ಡ ಗೀಟು ಹಾಕಿಕೊಡಿ.

ಕತ್ತರಿಸುವ ಮೊದಲೇ ಇನ್ನೊಂದು ಕೆಲಸ ಇದೆ. ಹಾಳೆಯನ್ನು ತಿರುಗಿಸುತ್ತಾ ಒಂದೊಂದೇ ಮೂಲೆಯನ್ನು ಮಗುವಿನ ಎದುರಿಗೆ ತಂದು, ಗೆರೆಯ ಎಡಬದಿಗೆ ಒಂದು ಚುಕ್ಕಿ ಇಡಿಸಿ. ಕತ್ತರಿಸಿದ ಮೇಲೆ ಎಂಟು ತುದಿಗಳಾಗುತ್ತವೆ. ಚುಕ್ಕಿ ಇರುವ ನಾಲ್ಕನ್ನು ಮಾತ್ರ ನಡುವಿಗೆ ತರಬೇಕು. ಒಂದು ತುದಿ ತಪ್ಪಿದರೂ ಆ ರೆಕ್ಕೆ ಉಳಿದ ಮೂರಕ್ಕೆ ಎದುರಾಗಿ ತಳ್ಳುತ್ತದೆ. ನಿಮ್ಮ ಮೂರರಲ್ಲಿ ಒಂದಾದರೂ ಹೀಗಾಗಿರಬಹುದು, ಎಣಿಸಿ ನೋಡಿ. ತುದಿಯನ್ನು ತಂದಾಗ ಮಡಿಕೆಯನ್ನು ಉಗುರಿನಿಂದ ತೀಡಿ ಚಪ್ಪಟೆ ಮಾಡಲೇಬಾರದು. ಗಾಳಿ ತುಂಬಿಕೊಳ್ಳುವುದು ಆ ಉಬ್ಬಿದ ಜೇಬಿನೊಳಗೆ. ಜೇಬು ಮುಚ್ಚಿಹೋದರೆ ಗಾಳಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಕಡ್ಡಿಗೆ ನಮ್ಮಲ್ಲಿ ಜೋಳದ ದಂಟು ಬಳಸುತ್ತೇವೆ. ಒಳಗೆಲ್ಲ ಬೆಂಡು, ಸೂಜಿ ಸಲೀಸಾಗಿ ಇಳಿಯುತ್ತದೆ. ಪಟ್ಟಣದಲ್ಲಿ ಅದು ಸಿಗದಿದ್ದರೆ ಹಿಂದೆ ರಬ್ಬರ್ ಇರುವ ಪೆನ್ಸಿಲ್ ತಗೊಂಡು ಆ ರಬ್ಬರಿಗೇ ಚುಚ್ಚಿ. ಸೂಜಿ ಚುಚ್ಚುವುದನ್ನು ಮಾತ್ರ ನೀವೇ ಮಾಡಿ. ಒಂದು ವರ್ಷ ನನ್ನ ತರಗತಿಯಲ್ಲಿ ದಂಟಿನ ಹಿಂದೆ ಹೊರಬಂದಿದ್ದ ಮೊನೆ ಪಕ್ಕದ ಹುಡುಗನ ಕೆನ್ನೆಗೆ ತಾಗಿ ಗೀರಿತು. ಕಣ್ಣಿಗೂ ಅದಕ್ಕೂ ಎರಡು ಬೆರಳಿನ ಅಂತರ. ಅಂದಿನಿಂದ ಮೊನೆಯನ್ನು ಮಣಿಸಿ, ಮೇಲೆ ಮೇಣ ಬಿಡದೆ ಯಾವ ಗಿರಗಿಟ್ಲೆಯನ್ನೂ ಮಕ್ಕಳ ಕೈಗೆ ಕೊಟ್ಟಿಲ್ಲ.

ತಿರುಗಲು ಶುರುವಾದ ಮೇಲೆ ಇದನ್ನೂ ಮಾಡಿ ತೋರಿಸಿ. ಇನ್ನೊಂದು ಹಾಳೆಯಲ್ಲಿ ಚುಕ್ಕಿಗಳನ್ನು ಗೆರೆಯ ಬಲಬದಿಗೆ ಇಡಿಸಿ. ಎರಡನ್ನೂ ಅಕ್ಕಪಕ್ಕ ಗಾಳಿಗೆ ಹಿಡಿದರೆ ಒಂದು ಹೀಗೆ, ಒಂದು ಹಾಗೆ, ಎದುರುಬದುರು ತಿರುಗುತ್ತವೆ. ಯಾಕೆ ಅಂತ ನೀವು ಹೇಳಬೇಡಿ. ನಮ್ಮ ಶಾಲೆಯಲ್ಲಿ ಒಬ್ಬಳು ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಬೆರಳಲ್ಲಿ ರೆಕ್ಕೆ ಮುಟ್ಟಿ ಮುಟ್ಟಿ, "ಮಿಸ್, ಇದರ ಬಾಯಿ ಆ ಕಡೆಗೈತೆ" ಅಂದಳು. ಆಮೇಲೆ ಕಿಟಕಿಯಾಚೆ ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳನ್ನು ತೋರಿಸಿ, ಅವಕ್ಕೆ ಮೂರೇ ರೆಕ್ಕೆ ಯಾಕೆ, ಬಾಯಿ ಎಲ್ಲಿ ಅಂತ ಕೇಳಿದಳು. ಆ ದಿನದ ಗಣಿತದ ಪಾಠವನ್ನು ಮಾರನೆಯ ದಿನಕ್ಕೆ ಹಾಕಿದೆ.

ನೀವಿರುವಲ್ಲಿ ಗಾಳಿ ಇಲ್ಲದಿದ್ದರೂ ಚಿಂತೆ ಬೇಡ. ಗಿರಗಿಟ್ಲೆಯನ್ನು ಮುಂದೆ ಚಾಚಿ ಹಿಡಿದುಕೊಂಡು ಓಡು ಅನ್ನಿ. ಈಗ ಇರುವ ಮೂರನ್ನೂ ಎಸೆಯಬೇಡಿ, ಸೂಜಿ ಬಿಚ್ಚಿ ಮಣಿ ಹಾಕಿ ನೋಡಿ.